ಇಸೊಗಾಯಿಯ ಹಾಡಿನಲ್ಲಿ ಸಿಕ್ಕಿಕೊಂಡ ಗೊರಟೆ

ಮುರೊಯಿ ತೊಕುಜಿಯ ಬಗ್ಗೆ ನಾಲ್ಕು ಪುಟ ಬರೆದುಕೊಡು ಎಂದು ನಮ್ಮ ಬೀದಿಯ ಸಂಘದವರು ನನ್ನ ಬೆನ್ನು ಹತ್ತಿ ಎರಡು ತಿಂಗಳಾಯಿತು. ಸಂಘದ ಐವತ್ತನೇ ವರ್ಷದ ಪುಸ್ತಕಕ್ಕಂತೆ. ಬರೆಯಬಲ್ಲವರು ಬೀದಿಯಲ್ಲಿ ಬೇಕಾದಷ್ಟು ಜನರಿದ್ದಾರೆ. ಆದರೆ ತೊಕುಜಿಯ ತಲೆಯನ್ನು ನಲವತ್ತು ವರ್ಷದಿಂದ ಕೈಯಲ್ಲಿ ಹಿಡಿದವನು ನಾನೊಬ್ಬನೇ. ನಾನು ಅವನ ಪಕ್ಕದ ಅಂಗಡಿಯ ಕ್ಷೌರಿಕ, ಗೆನ್ಸಾಕು. ಆ ತಲೆಯ ಮೇಲೆ ಮೊದಲು ಎಷ್ಟು ಕೂದಲಿತ್ತು, ಈಗ ಎಷ್ಟಿದೆ ಎನ್ನುವುದಕ್ಕೆ ನಾನೇ ಸಾಕ್ಷಿ. ತಲೆಯ ಒಳಗೆ ಏನಿದೆ ಎನ್ನುವುದಕ್ಕೂ ನಾನೇ ಸಾಕ್ಷಿ. ಅಲ್ಲಿಯೂ ಹೆಚ್ಚೇನಿಲ್ಲ.

ತೊಕುಜಿಗೆ ಬರುವುದು ಎರಡೇ ಕೆಲಸ. ಹಗಲು ಕೋಣೆಯ ನೆಲಕ್ಕೆ ಹಾಸುವ ದಪ್ಪನೆಯ ತತಾಮಿ ಚಾಪೆ ಹೊಲೆಯುತ್ತಾನೆ, ಸಂಜೆ ತುತ್ತೂರಿ ಊದುತ್ತಾನೆ. ಚಾಪೆ ಅಪ್ಪನಿಂದ ಬಂದದ್ದು. ತುತ್ತೂರಿ ಬಂದದ್ದು ಬೀದಿಯ ಬೆಂಕಿ ಆರಿಸುವ ದಳದಿಂದ. ಹೊಸ ವರ್ಷದ ಕವಾಯತಿನಲ್ಲಿ ಮುಂದೆ ನಿಂತು ಊದಲು ಒಬ್ಬ ಬೇಕಾಗಿತ್ತು. ಚಾಪೆಯವನ ಎದೆ ಗಟ್ಟಿಯಿರುತ್ತದೆ ಎಂದು ಯಾರೋ ಅವನ ಕೈಗೆ ಕೊಟ್ಟರು. ಆ ವರ್ಷ ನಮ್ಮ ಬೀದಿಯಲ್ಲಿ ಎಲ್ಲೂ ಬೆಂಕಿ ಬೀಳಲಿಲ್ಲ. ಅದೆಲ್ಲ ತನ್ನ ತುತ್ತೂರಿಯ ಮಹಿಮೆ ಎಂದು ತೊಕುಜಿ ನಿಜವಾಗಿಯೂ ನಂಬಿಕೊಂಡ. ಅಂಥ ಮನುಷ್ಯ.

ಹಾಗೆ ನಂಬಿದವನು ಬೇಸ್‌ಬಾಲ್ ಸ್ಟೇಡಿಯಂಗೆ ಹೋಗದೆ ಇರುತ್ತಾನೆಯೇ? ನಮ್ಮ ಹಮಾನೆಯ ಪೆಲಿಕನ್ಸ್ ತಂಡ ಆಗ ಪ್ರತಿ ವರ್ಷವೂ ಪಟ್ಟಿಯ ಕೊನೆಯಲ್ಲಿರುತ್ತಿತ್ತು. ಇಂಥ ತಂಡಕ್ಕೆ ಆಟಗಾರರಿಗಿಂತ ಊದುವವರೇ ಹೆಚ್ಚು ಬೇಕು. ತೊಕುಜಿ ಬಲಗಡೆಯ ಮೆಟ್ಟಿಲುಗಳಲ್ಲಿ ಹುರಿದುಂಬಿಸುವ ದಳದ ತುತ್ತೂರಿಯವನಾದ. ಒಬ್ಬನೇ ಹೋಗಲು ನಾಚಿಕೆ ಎಂದು ನನ್ನನ್ನೂ ಎಳೆದುಕೊಂಡು ಹೋದ. ನನಗೆ ಡೋಲು ಕೊಟ್ಟರು. ಕತ್ತರಿ ಹಿಡಿಯುವ ಕೈಗೆ ಡೋಲಿನ ಕೋಲು. ಮೊದಲ ತಿಂಗಳು ನನ್ನ ಗಿರಾಕಿಗಳ ಕಿವಿ ಉಳಿದದ್ದೇ ಪುಣ್ಯ.

ದಳಕ್ಕೆ ಅದರದೇ ಕಟ್ಟುಪಾಡುಗಳಿದ್ದವು. ಪ್ರತಿಯೊಬ್ಬ ಆಟಗಾರನಿಗೂ ಒಂದೊಂದು ಹಾಡು. ಅವನು ಬ್ಯಾಟು ಹಿಡಿದು ನಿಂತಾಗ ಅವನ ಹಾಡನ್ನೇ ಊದಬೇಕು, ಮೂವತ್ತು ಸಾವಿರ ಜನ ಅದನ್ನೇ ಹಾಡಬೇಕು, ಅವನು ಔಟಾಗುವವರೆಗೆ ಅಥವಾ ಹೊಡೆದು ಓಡುವವರೆಗೆ ನಿಲ್ಲಿಸಬಾರದು. ಎದುರಿನವರು ಬ್ಯಾಟು ಮಾಡುವಾಗ ಮಾತ್ರ ನಾವು ಬಾಯಿ ಮುಚ್ಚಿಕೊಂಡು ಕೂರಬೇಕು, ಏಕೆಂದರೆ ಆಗ ಊದುವ ಸರದಿ ಅವರದು. ನಮಗೆ ಊಟಕ್ಕೆ ಸಮಯ ಸಿಗುವುದು ಆಗಲೇ. ಇನ್ನೊಂದು ನಿಯಮ ಇತ್ತು: ಆಟಗಾರರ ಬಳಿ ಹೋಗಿ ಮಾತಾಡಬಾರದು, ಸಹಿ ಕೇಳಬಾರದು, ಅವರ ದಾರಿಗೆ ಅಡ್ಡ ಬರಬಾರದು. ನಾವು ದೂರದಿಂದ ಕೊಡುವವರು, ತೆಗೆದುಕೊಳ್ಳುವವರಲ್ಲ. ಈ ನಿಯಮವನ್ನು ತೊಕುಜಿ ಎಷ್ಟು ಬಿಗಿಯಾಗಿ ಪಾಲಿಸುತ್ತಿದ್ದನೆಂದರೆ, ಒಮ್ಮೆ ರೈಲು ನಿಲ್ದಾಣದಲ್ಲಿ ನಮ್ಮ ಆಟಗಾರನೊಬ್ಬ ಎದುರಾದಾಗ ಹೆಂಗಸರ ಶೌಚಾಲಯದೊಳಗೆ ನುಗ್ಗಿಬಿಟ್ಟ.

ಇಂಥ ಕಾಲದಲ್ಲಿ ಇಸೊಗಾಯಿ ಬಂದ. ಮೀನುಗಾರರ ದ್ವೀಪದಿಂದ ಬಂದ ಹತ್ತೊಂಬತ್ತರ ಹುಡುಗ, ಟೋಪಿ ತೆಗೆದರೆ ಎದ್ದು ಕಾಣುವಷ್ಟು ದೊಡ್ಡ ಕಿವಿ. ಇವನಿಗೊಂದು ಹೊಸ ಹಾಡು ಬೇಕು ಎಂದಾಯಿತು. ತೊಕುಜಿ ನಾಲ್ಕು ಸಂಜೆ ಸಾರ್ವಜನಿಕ ಸ್ನಾನದ ಮನೆಯಲ್ಲಿ ಕುತ್ತಿಗೆಮಟ್ಟ ಬಿಸಿನೀರಿನಲ್ಲಿ ಕೂತು, ಮರದ ಬಕೆಟ್ಟು ಬಡಿಯುತ್ತಾ ಹಾಡು ಕಟ್ಟಿದ. ಸ್ನಾನಕ್ಕೆ ಬಂದ ಮುದುಕರೆಲ್ಲ ಬೈದುಕೊಂಡು ಎದ್ದು ಹೋದರು. "ಹಾರು ಹಾರು ಚೆಂಡೇ, ಏರು ಏರು ಚೆಂಡೇ, ಕಡಲು ದಾಟಿ ಹಾರು, ಇಸೊಗಾಯಿ." ಇಷ್ಟೇ ಹಾಡು. ಇದಕ್ಕೆ ನಾಲ್ಕು ದಿನ. ಆದರೆ ರಾಗ ಚೆನ್ನಾಗಿತ್ತು, ಅದನ್ನು ಇಲ್ಲವೆನ್ನಲಾರೆ.

ಹುಡುಗ ಮೊದಲ ಸಲ ಬ್ಯಾಟಿಗೆ ನಿಂತ ಸಂಜೆ ಆದದ್ದನ್ನು ನಾನು ಹದಿನೈದು ವರ್ಷ ಯಾರಿಗೂ ಹೇಳಿಲ್ಲ. ಈಗ ಹೇಳುತ್ತೇನೆ. ಎದುರಿನವರ ಬ್ಯಾಟಿಂಗ್ ಶುರುವಾಗಿತ್ತು. ತೊಕುಜಿ ಎಂದಿನಂತೆ ಬುತ್ತಿ ಬಿಚ್ಚಿದ. ಅವನ ಹೆಂಡತಿ ಫುಮಿಸಾನ್ ಕಟ್ಟಿಕೊಟ್ಟ ಅನ್ನದುಂಡೆಗಳು, ಒಳಗೆ ಉಪ್ಪಿನಲ್ಲಿ ಹಾಕಿದ ಹುಳಿ ಉಮೆ ಹಣ್ಣು. ಎದುರಿನವರು ಎಂದಿನಂತೆ ಅರ್ಧ ಗಂಟೆ ನಮ್ಮನ್ನು ಚಚ್ಚುತ್ತಾರೆ, ನೆಮ್ಮದಿಯಾಗಿ ತಿನ್ನೋಣ ಎಂದು ಅವನ ಲೆಕ್ಕ. ಆ ದಿನ ನಮ್ಮ ಚೆಂಡು ಎಸೆಯುವವನಿಗೆ ಅದೇನು ದೇವರು ಮೈಮೇಲೆ ಬಂದಿತ್ತೋ, ಐದೇ ಎಸೆತಕ್ಕೆ ಮೂವರನ್ನೂ ಔಟು ಮಾಡಿ ಕೂತುಬಿಟ್ಟ. ಮುಂದಿನ ಬ್ಯಾಟು ಇಸೊಗಾಯಿಯದೇ. ತೊಕುಜಿ ಬಾಯಲ್ಲಿದ್ದ ಅರ್ಧ ಉಂಡೆಯನ್ನು ಹಾಗೆಯೇ ನುಂಗಿ ತುತ್ತೂರಿ ಎತ್ತಿದ. ಉಮೆ ಹಣ್ಣಿನ ಗೊರಟೆ ಒಳಗೇ ಇತ್ತು.

ಮೊದಲ ಸಾಲು ಸರಿಯಾಗಿ ಬಂತು. ಎರಡನೆಯದೂ ಬಂತು. "ಕಡಲು ದಾಟಿ" ಎಂಬಲ್ಲಿಗೆ ಗೊರಟೆ ಗಂಟಲಿಗೆ ಅಡ್ಡ ನಿಂತು ತುತ್ತೂರಿ ಬಂದಾಯಿತು. ತೊಕುಜಿಯ ಕಣ್ಣು ಗುಡ್ಡೆ ಹೊರಗೆ. ನಾನು ಏನು ಮಾಡಲಿ? ಡೋಲು ನಿಲ್ಲಿಸಬಾರದು ಎಂಬುದು ಕಟ್ಟುಪಾಡು. ಧಂ, ಧಂ, ಎರಡು ಪೆಟ್ಟು ಬಡಿದೆ. ಎರಡನೇ ಪೆಟ್ಟನ್ನು ಬಡಿಯುತ್ತಲೇ ಮೊಣಕೈಯಿಂದ ಅವನ ಬೆನ್ನಿಗೂ ಒಂದು ಗುದ್ದಿದೆ. ಗೊರಟೆ ಒಳಗೆ ಇಳಿಯಿತು, "ಹಾರು, ಇಸೊಗಾಯಿ" ಹೊರಗೆ ಬಂತು. ಹುಡುಗ ಅದೇ ಎಸೆತಕ್ಕೆ ಹೊಡೆದು ಎರಡನೇ ಬೇಸ್ ಮುಟ್ಟಿದ.

ಮುಂದಿನ ಸರದಿಯಲ್ಲಿ ತೊಕುಜಿ ಹಾಡನ್ನು ತಪ್ಪಿಲ್ಲದೆ ಊದಿದ. ಆದರೆ ಜನ ಬಿಡಬೇಕಲ್ಲ. ನಮ್ಮ ಜನಕ್ಕೆ ಒಂದು ಸಲ ತೋರಿಸಿದರೆ ಸಾಕು, ಹಾಗೆಯೇ ಕಲಿಯುತ್ತಾರೆ, ತಪ್ಪಿದ್ದರೆ ತಪ್ಪನ್ನೂ ಶ್ರದ್ಧೆಯಿಂದ ಕಲಿಯುತ್ತಾರೆ. "ಕಡಲು ದಾಟಿ" ಎಂದು ಇಡೀ ಸ್ಟೇಡಿಯಂ ಗಕ್ಕನೆ ನಿಂತಿತು. ಆ ಮೌನದಲ್ಲಿ ತೊಕುಜಿಯ ತುತ್ತೂರಿ ಒಂದೇ ಪೀಂ ಎಂದು ಮುಂದೆ ಓಡಿತು. ಜನರೆಲ್ಲ ತಿರುಗಿ, ಹಾಡು ಬಾರದವನು ಯಾರಪ್ಪಾ ಎಂಬಂತೆ ಅವನನ್ನೇ ನೋಡಿದರು. ಹಾಡು ಕಟ್ಟಿದವನನ್ನು! ಮೂರನೇ ಸಲಕ್ಕೆ ಅವನೂ ಅಲ್ಲಿ ನಿಲ್ಲಿಸಿದ, ನಾನು ಎರಡು ಪೆಟ್ಟು ಬಡಿದೆ, ಅಂದಿನಿಂದ ಹಾಡು ಇರುವುದೇ ಹಾಗೆ.

ಊರಿನ ಪತ್ರಿಕೆಯಲ್ಲಿ ಯಾರೋ ಬರೆದರು, ಆ ನಿಲುಗಡೆಯಲ್ಲಿ ಅಲೆ ಒಡೆಯುವ ಮುಂಚಿನ ಕಡಲಿನ ಉಸಿರಿದೆಯಂತೆ. ತೊಕುಜಿ ಅದನ್ನು ಕತ್ತರಿಸಿ ಗೋಡೆಗೆ ಹಾಕಿಕೊಂಡ, ಆದರೆ ಅದರ ಎದುರು ಕೂತಾಗಲೆಲ್ಲ ಮುಖ ಕೆಂಪಾಗುತ್ತಿತ್ತು. ಗೊರಟೆಯ ವಿಷಯ ಗೊತ್ತಿದ್ದವರು ಮೂವರೇ, ಅವನು, ನಾನು, ಫುಮಿಸಾನ್. ಗಂಡಹೆಂಡಿರ ನಡುವೆ ಒಂಬತ್ತು ವರ್ಷ ಅದೇ ಜಗಳ. ಗೊರಟೆ ತೆಗೆಯದೆ ಕಟ್ಟಿಕೊಟ್ಟು ನನ್ನ ಹಾಡು ಕೆಡಿಸಿದೆ ಎಂದು ಅವನು. ಅಗಿಯದೆ ನುಂಗು ಎಂದು ನಾನು ಹೇಳಿದ್ದೆನೇ ಎಂದು ಅವರು. ಸಾಮಾನ್ಯವಾಗಿ ಅವರೇ ಗೆಲ್ಲುತ್ತಿದ್ದರು.

ಒಂಬತ್ತು ವರ್ಷದಲ್ಲಿ ಇಸೊಗಾಯಿ ದೇಶಕ್ಕೆಲ್ಲ ಬೇಕಾದವನಾದ. ನಮ್ಮ ಪೆಲಿಕನ್ಸ್ ಎರಡು ಸಲ ಗೆದ್ದಿತು. ತೊಕುಜಿ ಅವನೊಂದಿಗೆ ಒಂದು ಮಾತೂ ಆಡಲಿಲ್ಲ. ಆದರೆ ಅವನ ಮೊಣಕಾಲು ನೋವು, ಅವನ ಮದುವೆ, ಮಗಳು ಹುಟ್ಟಿದ್ದು ಎಲ್ಲವನ್ನೂ ಸ್ವಂತ ಸೋದರಳಿಯನ ಸುದ್ದಿಯ ಹಾಗೆ ಬೀದಿಯಲ್ಲಿ ಹೇಳಿಕೊಂಡು ತಿರುಗುತ್ತಿದ್ದ.

ಒಂಬತ್ತು ವರ್ಷ ಆಡಿದವನಿಗೆ ಅಮೆರಿಕಾಕ್ಕೆ ಹೋಗುವ ಹಕ್ಕು ಬರುತ್ತದೆ. ಬಂದ ಮೇಲೆ ಹೋಗದೆ ಇರುತ್ತಾನೆಯೇ? ಎಲ್ಲ ಊರಿನ ಒಳ್ಳೆಯ ಆಟಗಾರರೂ ಹೋಗುತ್ತಿದ್ದ ಕಾಲ. ನಮ್ಮವನೂ ಹೊರಟ. ಊರಿನವರು ಮುನಿಸಿಕೊಂಡರು. ನಾನೇ ಒಬ್ಬಿಬ್ಬರಿಗೆ ತಲೆ ತೊಳೆಯುತ್ತಾ ಹೇಳಿದೆ, ಒಂಬತ್ತು ವರ್ಷ ಕಡಲು ದಾಟಿ ಹಾರು ಎಂದು ಕಿರುಚಿದವರು ನಾವೇ, ಈಗ ಹಾರಿದರೆ ಯಾಕೆ ಉರಿದುಕೊಳ್ಳುತ್ತೀರಿ ಎಂದು. ತೊಕುಜಿ ಮಾತ್ರ ಮುನಿಸಿಕೊಳ್ಳಲಿಲ್ಲ. ಬೀಳ್ಕೊಡುವ ದಿನ ವಿಮಾನ ನಿಲ್ದಾಣದಲ್ಲಿ ಕೊನೆಯ ಸಲ ಹಾಡು ಊದುತ್ತೇನೆ ಎಂದು ತುತ್ತೂರಿಗೆ ಪಾಲಿಶ್ ಹಾಕಿಸಿದ.

ಆಮೇಲೆ ಟಿವಿಯಲ್ಲಿ ಪತ್ರಕರ್ತರ ಮುಂದೆ ಇಸೊಗಾಯಿ ಮಾತಾಡುವುದು ಬಂತು. ತೊಕುಜಿ ನನ್ನ ಕುರ್ಚಿಯಲ್ಲಿ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದ. ನನ್ನ ಕತ್ತಿ ಅವನ ಗಂಟಲ ಮೇಲಿತ್ತು. ಅಮೆರಿಕಾದಲ್ಲಿ ಯಾವುದನ್ನು ಎದುರು ನೋಡುತ್ತಿದ್ದೀರಿ ಎಂದು ಯಾರೋ ಕೇಳಿದರು. ಇಸೊಗಾಯಿ ಯೋಚನೆ ಮಾಡಿ, ಅಲ್ಲಿ ಸ್ಟೇಡಿಯಂ ಶಾಂತವಾಗಿರುತ್ತದಂತೆ, ಡೋಲು ತುತ್ತೂರಿ ಇರುವುದಿಲ್ಲವಂತೆ, ಚೆಂಡು ಬ್ಯಾಟಿಗೆ ತಾಗುವ ಸದ್ದು ಕೇಳಿಸುತ್ತದಂತೆ, ಅದನ್ನು ಒಮ್ಮೆ ಕೇಳಬೇಕು ಎಂದ.

ತೊಕುಜಿಯ ಗಂಟಲು ಮೇಲೆ ಹೋಗಿ ಕೆಳಗೆ ಬಂತು. ಮೂವತ್ತನಾಲ್ಕು ವರ್ಷದ ನನ್ನ ಕಸುಬಿನಲ್ಲಿ ಗಿರಾಕಿಗೆ ಆದ ಮೊದಲ ಗಾಯ ಅದು. ಅವನಿಗೆ ಅದರ ಪರಿವೆಯೂ ಇರಲಿಲ್ಲ.

"ಗೆನ್, ಈಗ ಅವ್ನೇನಂದ?" ಎಂದ.

"ಅಮೆರಿಕಾ ಚೆನ್ನಾಗಿರತ್ತೆ ಅಂದ. ಅಲ್ಲಾಡ್ಬೇಡ, ರಕ್ತ ಬರ್ತಿದೆ."

"ಅದಲ್ಲ, ಸದ್ದಿನ ವಿಷ್ಯ." ಅವನು ಸ್ವಲ್ಪ ಹೊತ್ತು ಕನ್ನಡಿಯನ್ನೇ ನೋಡಿದ. "ಒಂಬತ್ತು ವರ್ಷ ಆ ಹುಡುಗನ ಕಿವಿಗೆ ಹಿಂಸೆ ಕೊಟ್ಟಿದ್ದೀನಿ ಕಣೋ. ಪಾಪ, ಮರ್ಯಾದಸ್ಥ. ಬಾಯಿ ಬಿಟ್ಟು ಹೇಳ್ಲಿಲ್ಲ."

ನನಗೆ ಸಿಟ್ಟು ಬಂತು. ಹಿಂಸೆ ಎಂದರೆ ಡೋಲಿನದೂ ಇತ್ತಲ್ಲ. ತುತ್ತೂರಿಗಿಂತ ನನ್ನ ಡೋಲಿನ ಸದ್ದೇ ದೊಡ್ಡದು. ಹುಡುಗ ಕೂಡ ಡೋಲನ್ನೇ ಮೊದಲು ಹೇಳಿದ್ದು. ಆದರೆ ನೋವೂ ತನ್ನದೊಂದೇ ಎಂದುಕೊಳ್ಳುವವನು ತೊಕುಜಿ. ನಾನು ಹಾಗೆ ಹೇಳಿದೆ. ಅವನು ನೊರೆ ಒರೆಸಿಕೊಂಡು, ಅರ್ಧ ಕ್ಷೌರದಲ್ಲೇ ಮನೆಗೆ ಹೋದ.

ತುತ್ತೂರಿಯನ್ನು ಹಾಸಿಗೆ ಇಡುವ ಕಪಾಟಿನಲ್ಲಿ, ಚಳಿಗಾಲದ ರಜಾಯಿಗಳ ಹಿಂದೆ ತುರುಕಿದ. ವಿಮಾನ ನಿಲ್ದಾಣಕ್ಕೆ ಬರಲಿಲ್ಲ. ನಾವು ಹನ್ನೆರಡು ಜನ ಹೋದೆವು. ಡೋಲು ಬಾರಿಸಬೇಡಿ ಎಂದು ಅಲ್ಲಿನ ಕಾವಲಿನವನು ತಲೆ ಬಾಗಿಸಿ ಕೇಳಿಕೊಂಡ. ಬೈದಿದ್ದರೆ ಬಾರಿಸಿಬಿಡುತ್ತಿದ್ದೆ, ತಲೆ ಬಾಗಿಸಿದವನಿಗೆ ಏನು ಮಾಡುವುದು? ಬರೀ ಚಪ್ಪಾಳೆಯಲ್ಲಿ ಹಾಡಿದೆವು. ಇಸೊಗಾಯಿ ನಿಂತು ನಮ್ಮ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ನೋಡಿದ, ಮತ್ತೆ ಈ ತುದಿಯವರೆಗೆ ಕಣ್ಣು ಹಾಯಿಸಿದ, ಆಮೇಲೆ ಸೊಂಟ ಬಾಗಿಸಿ ನಮಸ್ಕಾರ ಮಾಡಿ ಹೋದ. ನಿನ್ನನ್ನೇ ಹುಡುಕಿದ ಎಂದು ತೊಕುಜಿಗೆ ಹೇಳಿದೆ. ತುತ್ತೂರಿ ಇಲ್ಲವಲ್ಲ ಎಂದು ಖಾತ್ರಿ ಮಾಡಿಕೊಂಡಿರುತ್ತಾನೆ ಎಂದ. 

ಮಾರ್ಚ್ ಕೊನೆಗೆ ಪೆಲಿಕನ್ಸ್ ಆಟ ಶುರುವಾಯಿತು, ಅದಕ್ಕೂ ಅವನು ಬರಲಿಲ್ಲ. ಮೂವತ್ತು ವರ್ಷ ತುತ್ತೂರಿಯನ್ನು ಬೈದುಕೊಂಡೇ ಬಂದ ಫುಮಿಸಾನ್, ಒಂದು ಬೆಳಗ್ಗೆ ನನ್ನ ಅಂಗಡಿಯ ಬಾಗಿಲಲ್ಲಿ ನಿಂತು ದನಿ ತಗ್ಗಿಸಿ ಹೇಳಿದರು.

"ಗೆನ್‌ಸಾನ್, ಸೂಜಿಗೆ ದಾರ ಪೋಣ್ಸೋವಾಗ್ಲೂ ರಾಗ ಗುನುಗ್ತಿದ್ದೋರು. ಈಗ ಮನೇಲಿ ಗಡಿಯಾರದ ಸದ್ದು ಕೇಳ್ಸತ್ತೆ. ನಂಗೆ ಭಯ ಆಗತ್ತೆ."

ಅವರು ಅಳುವ ಹೆಂಗಸಲ್ಲ. ನನಗೂ ಭಯವಾಯಿತು.

ಏಪ್ರಿಲ್ ಬಂತು. ಅಮೆರಿಕಾದ ಸಂಜೆಯ ಆಟ ನಮಗೆ ಬೆಳಗಿನ ಎಂಟು ಒಂಬತ್ತು ಗಂಟೆಗೆ. ನಮ್ಮ ಬೀದಿಯಲ್ಲಿ ಆ ಆಟ ಬರುವ ಟಿವಿ ಇದ್ದದ್ದು ನನ್ನ ಅಂಗಡಿಯಲ್ಲಿ ಮಾತ್ರ. ಮೀನಂಗಡಿಯವನು, ತೋಫು ಮಾಡುವವನು, ಎಲ್ಲರೂ ಏಪ್ರನ್ ಕಟ್ಟಿಕೊಂಡೇ ಬಂದು ನನ್ನ ಬೆಂಚಿನ ಮೇಲೆ ಕೂರುತ್ತಿದ್ದರು. ಒಬ್ಬನಾದರೂ ಕೂದಲು ಕತ್ತರಿಸಿಕೊಳ್ಳುತ್ತಿದ್ದನೇ? ಇಲ್ಲ. ಚಹಾ ಮಾತ್ರ ಕುಡಿಯುತ್ತಿದ್ದರು.

ಇಸೊಗಾಯಿಗೆ ಅಲ್ಲಿ ಚೆಂಡು ಸಿಗಲಿಲ್ಲ. ಹೋದ ಹೊಸತರಲ್ಲಿ ಎರಡು ಮೂರು ಹೊಡೆದ, ಆಮೇಲೆ ನಿಂತೇ ಹೋಯಿತು. ಹತ್ತು ಸಲ ಬ್ಯಾಟಿಗೆ ನಿಂತು ಒಂದೂ ಇಲ್ಲ. ಹದಿನೈದು ಸಲಕ್ಕೂ ಇಲ್ಲ. ನೀರು ಒಗ್ಗಲಿಲ್ಲ ಎಂದ ತೋಫು ಮಾಡುವವನು. ಹಾಡಿಲ್ಲದೆ ಹೀಗಾಯಿತು ಎಂದ ಮೀನಂಗಡಿಯವನು. ಊರೆಲ್ಲ ಅದನ್ನೇ ಹಿಡಿದುಕೊಂಡಿತು. ತೊಕುಜಿ ಬಂದರಿನ ಕಟ್ಟೆಯ ತುದಿಗೆ ಹೋಗಿ, ಅಮೆರಿಕಾದ ಕಡೆ ಮುಖ ಮಾಡಿ ದಿನಕ್ಕೊಮ್ಮೆ ಊದಬೇಕು ಎಂದು ನಾಲ್ಕು ಜನ ದೊಡ್ಡವರು ಅವನ ಮನೆಗೆ ಹೋಗಿ ಕೇಳಿಕೊಂಡರು. ಊದುವುದು ಕೇಳಬಾರದು ಎಂದೇ ಅವನು ಅಷ್ಟು ದೂರ ಹೋಗಿದ್ದಾನೆ, ಅಲ್ಲಿಗೂ ಅಟ್ಟಿಸಿಕೊಂಡು ಹೋಗಲೇ ಎಂದು ತೊಕುಜಿ ಬಾಗಿಲು ಹಾಕಿಕೊಂಡ.

ಆದರೆ ದಿನಾ ಬೆಳಗ್ಗೆ ಎಂಟಕ್ಕೆ ಅವನು ನನ್ನ ಅಂಗಡಿಗೆ ಕ್ಷೌರಕ್ಕೆ ಬರುತ್ತಿದ್ದ. ವಾರಕ್ಕೆ ಆರು ದಿನ. ಸೋಮವಾರ ನಮ್ಮ ಕಸುಬಿನವರಿಗೆ ರಜೆ, ಆವತ್ತು ಹಿತ್ತಲ ಬಾಗಿಲಿನಿಂದ ಬರುತ್ತಿದ್ದ. ಕೆರೆಯಲು ಮುಖದ ಮೇಲೆ ಏನಾದರೂ ಇದ್ದರೆ ತಾನೆ? ಹಾಗಾಗಿ ಬಿಸಿ ಟವೆಲ್ ಕೇಳುತ್ತಿದ್ದ. ಕುರ್ಚಿ ಹಿಂದಕ್ಕೆ ಬಾಗಿಸಿಕೊಂಡು, ಟವೆಲನ್ನು ಮುಖದ ಮೇಲೆ ಪೂರ್ತಿ ಎಳೆದುಕೊಂಡು, ಆಟ ಮುಗಿಯುವವರೆಗೆ ಅದರೊಳಗೇ ಇರುತ್ತಿದ್ದ. ನಾನು ನೋಡುವುದಿಲ್ಲ, ಕ್ಷೌರಕ್ಕೆ ಬಂದಿದ್ದೇನೆ ಎಂಬ ಜಂಭ. ಟವೆಲ್ ಆರಿದರೆ ಇನ್ನೊಂದು ಎಂದು ಕೈ ಮಾತ್ರ ಚಾಚುತ್ತಿದ್ದ. ಒಂದು ಆಟಕ್ಕೆ ಹದಿನಾರು ಟವೆಲ್. ಆ ತಿಂಗಳು ಅವನ ಮುಖ ಬೇಯಿಸಿದ ಏಡಿಯ ಬಣ್ಣಕ್ಕೆ ತಿರುಗಿತ್ತು. ಅವನು ಕೇಳಿಸಿಕೊಳ್ಳುತ್ತಿದ್ದದ್ದು ಅಲ್ಲಿನ ಸದ್ದಿಲ್ಲದ ಸದ್ದನ್ನು. ಚೆಂಡು ಬಂದು ಕೈಗವಸಿಗೆ ಬೀಳುವ ಠಪ್ ಎಂಬ ಸದ್ದು ಕೇಳಿದಾಗಲೆಲ್ಲ ಟವೆಲಿನೊಳಗಿನಿಂದ ಒಂದು ನಿಟ್ಟುಸಿರು ಬರುತ್ತಿತ್ತು.

ತಿಂಗಳ ಕೊನೆಯ ವಾರ ಒಂದು ಬೆಳಗ್ಗೆ. ಮೇ ರಜೆಗೆ ಜನ ಬರುವ ಮೊದಲು ಕಡಲ ದಂಡೆಯ ಹೋಟೆಲೊಂದಕ್ಕೆ ತೊಕುಜಿ ಇಪ್ಪತ್ತನಾಲ್ಕು ಚಾಪೆ ಹಾಸಿಕೊಡಬೇಕಿತ್ತು. ಅವರ ಲಾರಿ ಬಂದು ಅವನ ಅಂಗಡಿಯ ಮುಂದೆ ನಿಂತಿತ್ತು. ಅವನು ನನ್ನ ಕುರ್ಚಿಯಲ್ಲಿ ಟವೆಲಿನೊಳಗಿದ್ದ. ಇಸೊಗಾಯಿ ಇಪ್ಪತ್ತೆರಡು ಸಲ ಬ್ಯಾಟಿಗೆ ನಿಂತು ಒಂದೂ ಹೊಡೆದಿರಲಿಲ್ಲ. ಇನ್ನೊಂದೆರಡು ದಿನ ಹೀಗೇ ಆದರೆ ಅವನನ್ನು ಕೆಳಗಿನ ತಂಡಕ್ಕೆ ತಳ್ಳುತ್ತಾರೆ ಎಂದು ಪತ್ರಿಕೆಯಲ್ಲಿ ಬಂದಿತ್ತು. ಬೆಂಚಿನ ಮೇಲಿದ್ದವರು ಚಹಾ ಕುಡಿಯುವುದನ್ನೂ ಮರೆತಿದ್ದರು.

ಇಸೊಗಾಯಿಯ ಸರದಿ ಬರುವ ಹೊತ್ತಿಗೆ ಎದುರಿನ ತಂಡದವರು ಎಸೆಯುವವನನ್ನು ಬದಲಾಯಿಸಿದರು. ಹೊಸಬ ಬಂದು ಕೈ ಬಿಸಿ ಮಾಡಿಕೊಳ್ಳುವವರೆಗೆ ತೋರಿಸಲು ಏನಾದರೂ ಬೇಕಲ್ಲ. ಅಲ್ಲಿನ ಟಿವಿಯವರು ಇಸೊಗಾಯಿಯ ಕಾಲನ್ನು ದೊಡ್ಡದಾಗಿ ತೋರಿಸಿದರು. ಬ್ಯಾಟಿಗೆ ನಿಂತಾಗಲೆಲ್ಲ ಇವನು ಬ್ಯಾಟಿನ ತುದಿಯಿಂದ ತನ್ನ ಬೂಟನ್ನು ತಟ್ಟಿಕೊಳ್ಳುತ್ತಾನೆ, ಇದೇನು ವಿಚಿತ್ರ ಚಾಳಿ ಎಂದು ಅಲ್ಲಿನವರು ನಗುತ್ತಿದ್ದಾರಂತೆ. ನಮ್ಮ ವೀಕ್ಷಕ ವಿವರಣೆಯವನು ಹಾಗೆ ಹೇಳಿದ. ನನಗೂ ಆಶ್ಚರ್ಯವಾಯಿತು. ಒಂಬತ್ತು ವರ್ಷ ಅವನನ್ನು ನೋಡಿದವನು ನಾನು, ಇಲ್ಲಿ ಒಂದು ದಿನವೂ ಬೂಟು ತಟ್ಟಿದವನಲ್ಲ.

ಅಷ್ಟರಲ್ಲಿ ಫುಮಿಸಾನ್ ಗಂಡನನ್ನು ಎಳೆದೊಯ್ಯಲು ಬಂದರು. ಲಾರಿಯವನು ಹಾರನ್ ಹೊಡೆಯುತ್ತಿದ್ದಾನೆ, ಮಾನ ಮರ್ಯಾದೆ ಇದೆಯೇ ಎಂದು ಶುರು ಮಾಡಿದವರು ಟಿವಿಯನ್ನು ನೋಡಿ ಮಾತು ನಿಲ್ಲಿಸಿದರು. ಪರದೆಯ ಮೇಲೆ ಬ್ಯಾಟಿನ ತುದಿ ಬೂಟನ್ನು ತಟ್ಟುತ್ತಿತ್ತು. ಟಕ್ ಟಕ್ ಟಕಟಕ್. ಟಕ್ ಟಕ್ ಟಕಟಕ್. ಟಕ್ ಟಕ್. ಬ್ಯಾಟು ನಿಂತಿತು. ಗಾಳಿಯಲ್ಲಿ ಹಾಗೆಯೇ ನಿಂತಿತು, ಎರಡು ಪೆಟ್ಟಿನಷ್ಟು ಹೊತ್ತು. ಆಮೇಲೆ, ಟಕಟಕ್.

ನನ್ನ ಕೈಯಲ್ಲಿದ್ದ ಬಾಚಣಿಗೆ ಕೆಳಗೆ ಬಿತ್ತು.

"ರೀ," ಎಂದರು ಫುಮಿಸಾನ್. "ಆ ಬಟ್ಟೆ ತೆಗೀರಿ."

"ನಾನು ಕ್ಷೌರಕ್ಕೆ ಬಂದಿದ್ದೀನಿ," ಎಂದಿತು ಟವೆಲ್.

"ತೆಗೀರಿ ಅಂದೆ. ನನ್ನ ಗೊರಟೆ ಅಲ್ಲಿದೆ, ಅಮೆರಿಕಾದಲ್ಲಿ."

ಟವೆಲನ್ನು ಕೊನೆಗೆ ಅವರೇ ಕಿತ್ತು ಎಸೆದರು. ಟಿವಿಯವರು ಅದನ್ನೇ ಇನ್ನೊಮ್ಮೆ ತೋರಿಸಿದರು. ಏಡಿಯ ಬಣ್ಣದ ಮುಖದಲ್ಲಿ ಎರಡು ಕಣ್ಣು ಬಿಟ್ಟುಕೊಂಡು ತೊಕುಜಿ ನೋಡಿದ. ಮೂರನೇ ಸಾಲಿನಲ್ಲಿ ಬ್ಯಾಟು ನಿಂತಾಗ ಅವನ ಗಂಟಲು ಮೇಲೆ ಹೋಗಿ ಅಲ್ಲೇ ನಿಂತಿತು, ಬ್ಯಾಟು ಮತ್ತೆ ತಟ್ಟಿದಾಗ ಕೆಳಗೆ ಇಳಿಯಿತು. ಜಗತ್ತಿನಲ್ಲಿ ಸಾವಿರ ಹಾಡಿರಬಹುದು, ಆ ಜಾಗದಲ್ಲಿ ಉಸಿರು ಕಟ್ಟುವ ಹಾಡು ಒಂದೇ. ಅದು ಯಾವುದೆಂದು ಅಂಗಡಿಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಯಾಕೆ ಎಂದು ಮೂವರಿಗೆ ಗೊತ್ತಿತ್ತು.

"ಅವ್ನು ನಂದು ಹಾಡ್ಕೊಳ್ತಿದ್ದಾನೆ," ಎಂದ ತೊಕುಜಿ. "ತಪ್ಪಿನ ಸಮೇತ ಹಾಡ್ಕೊಳ್ತಿದ್ದಾನೆ."

ಹಾಗೆಂದು ಅಳುವುದಕ್ಕೆ ಶುರುಮಾಡಿದ. ಐವತ್ತೆಂಟು ವರ್ಷದ ಗಂಡಸು, ಮೀನಂಗಡಿಯವನ ಮುಂದೆ. ನಾನು ನೋಡಲಿಲ್ಲ, ಬಾಚಣಿಗೆ ಹುಡುಕುತ್ತಿದ್ದೆ. ಹುಡುಕುತ್ತಾ ಸ್ವಲ್ಪ ಹೊತ್ತು ಬಗ್ಗಿಕೊಂಡೇ ಇದ್ದೆ. ನನಗೂ ಮೂಗು ಕಟ್ಟಿತ್ತು.

ಹೊಸ ಎಸೆತಗಾರನ ಕೈ ಬಿಸಿಯಾಗುವುದರೊಳಗೆ ತೊಕುಜಿ ಕ್ಷೌರದ ಬಟ್ಟೆ ಕುತ್ತಿಗೆಗೆ ಕಟ್ಟಿಕೊಂಡೇ ಮನೆಗೆ ಓಡಿದ. ಲಾರಿಯವನು ಕೆಳಗಿಳಿದು ಅಡ್ಡ ಬಂದದ್ದನ್ನೂ ದಾಟಿಕೊಂಡು ಓಡಿದ. ರಜಾಯಿಗಳು ಮಹಡಿಯಿಂದ ಅಂಗಳಕ್ಕೆ ಬಿದ್ದ ಸದ್ದು ನಮಗೆಲ್ಲ ಕೇಳಿಸಿತು. ತುತ್ತೂರಿಯೊಂದಿಗೆ ವಾಪಸು ಬಂದಾಗ ಇಸೊಗಾಯಿ ಬ್ಯಾಟು ಹಿಡಿದು ನಡೆದು ಬರುತ್ತಿದ್ದ. ನನ್ನ ಡೋಲು ಸ್ಟೇಡಿಯಂನಲ್ಲಿತ್ತು. ತಲೆ ತೊಳೆಯುವ ಬೇಸಿನ್ನನ್ನು ಬೋರಲು ಹಾಕಿಕೊಂಡೆ. ತೋಫು ಮಾಡುವವನು ಎದ್ದು ನಿಂತು ಏಪ್ರನ್ ಸರಿಮಾಡಿಕೊಂಡ.

ಆರು ತಿಂಗಳು ಊದದ ತುಟಿ, ಮೊದಲ ಸ್ವರ ಹೊರಟದ್ದು ಕೇಳುವ ಹಾಗಿರಲಿಲ್ಲ. ಲಾರಿಯವನು ಹಾರನ್ ನಿಲ್ಲಿಸಿದ. ಎರಡನೇ ಸಾಲಿಗೆ ಸ್ವಲ್ಪ ದಾರಿಗೆ ಬಂತು. ಮೂರನೇ ಸಾಲು, "ಕಡಲು ದಾಟಿ." ತುತ್ತೂರಿ ನಿಂತಿತು. ಪರದೆಯ ಮೇಲೆ ಬ್ಯಾಟು ನಿಂತಿತು. ನಾನು ಬೇಸಿನ್ನಿನ ಮೇಲೆ ಎರಡು ಪೆಟ್ಟು ಬಡಿದೆ. ಆಮೇಲೆ ಎಲ್ಲರೂ ಒಟ್ಟಿಗೆ ಹಾಡಿದೆವು. ಫುಮಿಸಾನ್ ಕೂಡ ಹಾಡಿದರು. ಅವರು ಹಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಇಸೊಗಾಯಿ ಬೀಸಿದ. ಚೆಂಡು ನೆಲದ ಮೇಲೆ ಉರುಳಿಕೊಂಡು ಹೋಗಿ ಎದುರಿನವನ ಕೈಗೆ ಸೇರಿತು. ಔಟು. ಇಪ್ಪತ್ತಮೂರು.

 ತೊಕುಜಿ ತುತ್ತೂರಿಯ ಎಂಜಲನ್ನು ನನ್ನ ಒರೆಸಿಟ್ಟ ನೆಲದ ಮೇಲೆ ಚೆಲ್ಲಿ, ಅದರ ಬಾಯನ್ನು ಕ್ಷೌರದ ಬಟ್ಟೆಯಿಂದ ಒರೆಸಿದ.

"ಗೆನ್, ನಾಳೆ ಎಷ್ಟ್ ಗಂಟೆಗೆ ಆಟ?" ಎಂದ.

ಮಾರನೇ ದಿನ ಇಸೊಗಾಯಿ ಹೊಡೆದ. ಅದರ ಮಾರನೇ ದಿನ ಎರಡು ಹೊಡೆದ. ಅದು ನಮ್ಮ ತುತ್ತೂರಿಯಿಂದ ಆಯಿತು ಎಂದು ನಾನು ಹೇಳುವುದಿಲ್ಲ. ಊರು ಹೇಳುತ್ತದೆ. ತೊಕುಜಿಯಂತೂ ಪ್ರಮಾಣ ಮಾಡಿ ಹೇಳುತ್ತಾನೆ. ಇಸೊಗಾಯಿ ಅಲ್ಲಿ ಆರು ವರ್ಷ ಆಡಿದ. ಆ ಆರು ವರ್ಷವೂ ಬೆಳಗ್ಗೆ ನನ್ನ ಅಂಗಡಿಯಲ್ಲಿ ಅವನ ಸರದಿ ಬಂದಾಗಲೆಲ್ಲ ತುತ್ತೂರಿ, ಎದುರಿನವರ ಸರದಿಯಲ್ಲಿ ಕಟ್ಟುಪಾಡಿನಂತೆ ಮೌನ. ಆ ಹೊತ್ತಿನಲ್ಲಿ ಕೂದಲು ಕತ್ತರಿಸಿಕೊಂಡವರ ತಲೆ ಹೇಗಿತ್ತು ಎಂದು ಕೇಳಬೇಡಿ. ಆ ದಿನದ ಇಪ್ಪತ್ತನಾಲ್ಕು ಚಾಪೆಯಲ್ಲಿ ಒಂದು ತಲೆಕೆಳಗಾಗಿ ಬಿದ್ದಿದೆ ಎಂದು ಹೋಟೆಲಿನವರು ಈಗಲೂ ಹೇಳುತ್ತಾರೆ.

ತೊಕುಜಿಗೆ ಈಗ ಅರವತ್ತನಾಲ್ಕು. ಬಲಗಡೆಯ ಮೆಟ್ಟಿಲಿನಲ್ಲಿ ಈಗಲೂ ಊದುತ್ತಾನೆ, ನಾನು ಪಕ್ಕದಲ್ಲಿ ಬಾರಿಸುತ್ತೇನೆ, ಪೆಲಿಕನ್ಸ್ ಮತ್ತೆ ಪಟ್ಟಿಯ ಕೊನೆಗೆ ಬಂದಿದೆ. ಗೊರಟೆಯ ಜಗಳ ಅವರ ಮನೆಯಲ್ಲಿ ಆ ಬೆಳಗ್ಗೆಯೇ ಮುಗಿಯಿತು. ಎದುರಿನವರು ಬ್ಯಾಟಿಗೆ ಬಂದ ಕೂಡಲೆ ಅವನು ಬುತ್ತಿ ಬಿಚ್ಚುತ್ತಾನೆ. ಫುಮಿಸಾನ್ ನನಗೂ ಎರಡು ಉಂಡೆ ಕಟ್ಟಿಕೊಡುತ್ತಾರೆ. ನನ್ನದರಲ್ಲಿ ಗೊರಟೆ ತೆಗೆದಿರುತ್ತಾರೆ. ಅವನದರಲ್ಲಿ ತೆಗೆಯುವುದಿಲ್ಲ.